ಜಗಲಿ ದಾಟಿ ಒಳಮನೆಗೆ

ಗರ್ಭನಿಯಂತ್ರಣಕ್ಕೆಂದೇ ಮೈಸೂರು ಸಂಸ್ಥಾನ ಸರ್ಕಾರಿ ಚಿಕಿತ್ಸಾಲಯಗಳನ್ನು ತೆರೆದದ್ದು 1930ರಲ್ಲಿ. ದೇಶಕ್ಕೆಲ್ಲ ಕುಟುಂಬ ಯೋಜನೆ ಬಂದದ್ದು 1952ರಲ್ಲಿ. ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂಬ ಗೋಡೆಬರಹ ಓದಿದ ತಲೆಮಾರು ಈಗ ಅಜ್ಜ-ಅಜ್ಜಿಯರದು. ಆದರೂ ಮಂಡ್ಯದ ಕಡೆಯ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆ ಈ ಮಾತೆತ್ತಬೇಕಾದರೆ ಜಗಲಿಯ ಮೇಲೆ ಕೂತ ಗಂಡಸರನ್ನು ದಾಟಿ ಒಳಮನೆಗೇ ಹೋಗಬೇಕು.

ಒಳಗೆ ಸಿಗುವವಳು ಸೊಸೆ. ತೀರ್ಮಾನ ಮಾತ್ರ ಅವಳದಲ್ಲ. ಗಂಡನಿಗೆ ಆಪರೇಷನ್ ಎಂದರೆ ಸಾಕು, ಅತ್ತೆ ಮೊರ ಕೆಳಗಿಟ್ಟು ಎದ್ದು ಬರುತ್ತಾಳೆ: “ನನ್ ಮಗನ್ ತಂಟೆಗೆ ಬರ್ಬ್ಯಾಡ ಕಣವ್ವ. ಗೇಯೋ ಜೀವ. ಇವ್ಳಿಗೇ ಮಾಡ್ಸು.” ಸೊಸೆಯೂ ಗೇಯುವವಳೇ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ.

ಗಂಡಸರ ಚಿಕಿತ್ಸೆಗೆ ಹೊಟ್ಟೆ ಕೊಯ್ಯುವುದಿಲ್ಲ. ಕೆಲವೇ ನಿಮಿಷದ ಕೆಲಸ, ಅದೇ ದಿನ ಮನೆಗೆ ಬರಬಹುದು. ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿದರಾಯಿತು. ಗಂಡಸುತನಕ್ಕೆ ಧಕ್ಕೆಯಿಲ್ಲ. ಆದರೆ ಹೇಳುವವರು ಯಾರು? ಆಶಾ ಸಾಮಾನ್ಯವಾಗಿ ಅದೇ ಊರಿನ ಸೊಸೆ. ಜಗಲಿಯಲ್ಲಿರುವವರು ಅವಳಿಗೆ ಮಾವ, ಭಾವ, ಮೈದುನ ಆಗಬೇಕಾದವರು! ಊರಿನವಳೇ ಆದರೆ ಕೆಲಸ ಸುಲಭ ಎಂದು 2005ರಲ್ಲಿ ಯೋಜನೆ ರೂಪಿಸಿದವರಿಗೆ ಈ ನೆಂಟಸ್ತನ ಹೊಳೆದಿರಲಿಲ್ಲವೇನೋ. 1975–77ರ ತುರ್ತುಪರಿಸ್ಥಿತಿಯ ಬಲವಂತದ ಶಿಬಿರಗಳ ಭಯವೂ ಪೂರ್ತಿ ಹೋಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಣ್ಣಿನ ಶಸ್ತ್ರಚಿಕಿತ್ಸೆಯನ್ನು ನೆಚ್ಚಿದ ದಂಪತಿಗಳು ದೇಶದಲ್ಲಿ ಶೇ 37.9, ಗಂಡಿನದನ್ನು ನೆಚ್ಚಿದವರು ಶೇ 0.3.

ಹೆಣ್ಣಿನ ಶಸ್ತ್ರಚಿಕಿತ್ಸೆಯೂ ಸುಮಾರು ಇನ್ನೂರರಲ್ಲಿ ಒಬ್ಬರಿಗೆ ವಿಫಲವಾಗುತ್ತದೆ. ಆಗ ಅನುಮಾನ ಹೆಂಡತಿಯ ಮೇಲೆ, ಬೈಗುಳ ಆಶಾಳ ಮೇಲೆ. ವೈದ್ಯರಿಗೆ ವರ್ಗವಾಗಿರುತ್ತದೆ, ಇವಳು ಮರುದಿನವೂ ಅದೇ ಬೀದಿಯಲ್ಲಿ ನೀರು ತರಬೇಕು.

ಅಂತರ ಬೇಕೆನ್ನುವವರಿಗೆ 2017ರಲ್ಲಿ ‘ಅಂತರಾ’ ಚುಚ್ಚುಮದ್ದು ಸರ್ಕಾರಿ ಕಾರ್ಯಕ್ರಮಕ್ಕೆ ಸೇರಿತು. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಂಡರೆ ಸಾಕು, ಮನೆಯಲ್ಲಿ ಮಾತ್ರೆ ಬಚ್ಚಿಡುವ ತಾಪತ್ರಯವಿಲ್ಲ. ಆದರೆ ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ನಿಂತೂ ಹೋಗುತ್ತದೆ. ಮುಟ್ಟಾದವರು ಹೊರಗೆ ಕೂರುವ ಮನೆಗಳಲ್ಲಿ ಅತ್ತೆ ದಿನ ಎಣಿಸುತ್ತಿರುತ್ತಾಳೆ. ಸೊಸೆ ಹೊರಗಾಗದಿದ್ದರೆ ಬಸಿರೆಂದು ಅವಳಿಗೆ ಖುಷಿ. ಆ ಖುಷಿಗೆ ಏನು ಉತ್ತರ ಕೊಡಬೇಕೆಂಬುದನ್ನೂ ಸೂಜಿ ಚುಚ್ಚಿಸುವ ಮೊದಲೇ ಆಶಾ ಸೊಸೆಗೆ ಹೇಳಿಕೊಟ್ಟಿರಬೇಕು.