ನಮ್ಮ ಜೀಪಿನ ಮುಂದಿನ ಪ್ಲೇಟ್

ನಮ್ಮ ಮನೆ ಇರುವುದು ಕೊಪ್ಪ ತಾಲ್ಲೂಕಿನ ಜಯಪುರದಿಂದ ಇನ್ನೂ ಒಳಗೆ. ಟಾರು ರಸ್ತೆ ಬಿಟ್ಟ ಮೇಲೆ ಒಂದು ಕಿಲೋಮೀಟರ್ ಮಣ್ಣಿನ ದಾರಿ. ಮಳೆಗಾಲದಲ್ಲಿ ಆ ದಾರಿಗೆ ಕಾರು ಬರುವುದಿಲ್ಲ. ಆಟೋದವರನ್ನು ಕರೆದರೆ "ಟಾರು ರಸ್ತೆ ತನಕ ಬನ್ನಿ" ಎನ್ನುತ್ತಾರೆ. ಮನೆ ಬಾಗಿಲಿಗೆ ಬರುವುದು ಅಬ್ಬಾನ ಜೀಪ್ ಒಂದೇ. 1991ರ ಮಹೀಂದ್ರ ಎಂಎಂ 540. ನನಗಿಂತ, ನನ್ನ ಅಣ್ಣನಿಗಿಂತ ವಯಸ್ಸಿನಲ್ಲಿ ದೊಡ್ಡದು.

ಈ ಜೀಪ್ ಬಾಡಿಗೆಗೆ ಹೋಗುತ್ತದೆ. ಕೊಪ್ಪಕ್ಕೆ ಅಡಿಕೆ ಮೂಟೆ, ತೋಟಕ್ಕೆ ಕೆಲಸದವರು, ಶೃಂಗೇರಿಗೆ ಬಂದ ಪ್ರವಾಸಿಗರನ್ನು ಕಿಗ್ಗ, ಸಿರಿಮನೆ ಜಲಪಾತಕ್ಕೆ ಕರೆದುಕೊಂಡು ಹೋಗುವುದು, ಹೀಗೆ. ಇವೆಲ್ಲ ಹಗಲಿನ ಕೆಲಸ. ರಾತ್ರಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಅಕ್ಕಪಕ್ಕದ ಮನೆಯವರು ಮೊದಲು ಬಂದು ತಟ್ಟುವುದು ನಮ್ಮ ಬಾಗಿಲನ್ನು. ಅಂಥ ಬಾಡಿಗೆಗೆ ಅಬ್ಬಾ ಡೀಸೆಲ್ ದುಡ್ಡು ಬಿಟ್ಟು ಬೇರೇನೂ ತೆಗೆದುಕೊಳ್ಳುವುದಿಲ್ಲ. ಮನೆಯಲ್ಲಿ ದುಡ್ಡಿನ ಕಷ್ಟ ಇದ್ದಾಗಲೂ ಅಮ್ಮಿ ಆ ವಿಷಯಕ್ಕೆ ಒಂದು ಮಾತು ಆಡಿದ್ದಿಲ್ಲ.

ಹೋದ ವರ್ಷ ಈ ಜೀಪಿನ ಮುಂದಿನ ಸಸ್ಪೆನ್ಷನ್ ಬದಲಾಯಿಸಿದೆವು. ಒಂದು ಸಲ ತಪ್ಪಾಗಿ, ಇನ್ನೊಂದು ಸಲ ಸರಿಯಾಗಿ. ಅದರ ಕಥೆ ಇದು.

ಮೊದಲು ಜೀಪಿನ ಬಗ್ಗೆ ನಾಲ್ಕು ಮಾತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗಾಗಿ ತಯಾರಾದ ವಿಲ್ಲಿಸ್ ಜೀಪ್ ಇದರ ಮೂಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಹೀಂದ್ರ ಕಂಪನಿ ಅದನ್ನು ಇಲ್ಲಿ ಜೋಡಿಸಲು ಶುರುಮಾಡಿತು. ಮುಂದೆ ಎಂಜಿನ್ ಬದಲಾಯಿತು, ನಮ್ಮದರಲ್ಲಿ ಇರುವುದು ಪ್ಯೂಜೋ ವಿನ್ಯಾಸದ ಡೀಸೆಲ್ ಎಂಜಿನ್. ಆದರೆ ಕೆಳಗಿನ ವ್ಯವಸ್ಥೆ ಹಳೆಯದೇ. ಎರಡು ಚಕ್ರಗಳ ನಡುವೆ ಒಂದೇ ಗಟ್ಟಿ ಆಕ್ಸಲ್. ಅದರ ಮೇಲೆ ಎಡಕ್ಕೊಂದು ಬಲಕ್ಕೊಂದು ಪ್ಲೇಟಿನ ಕಟ್ಟು. ಪುಸ್ತಕದಲ್ಲಿ ಇದನ್ನು ಲೀಫ್ ಸ್ಪ್ರಿಂಗ್ ಎನ್ನುತ್ತಾರೆ. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು, ನಡುವೆ ತೂತು ಕೊರೆದು ಸೆಂಟರ್ ಬೋಲ್ಟ್ ಹಾಕಿ, ಯು-ಬೋಲ್ಟಿನಿಂದ ಆಕ್ಸಲ್‌ಗೆ ಬಿಗಿದಿರುತ್ತಾರೆ. ಲಂಡನ್ನಿನ ಒಬಡೈಯ ಎಲಿಯಟ್ 1804ರಲ್ಲಿ ಕುದುರೆ ಗಾಡಿಗೆ ಇಂಥ ಸ್ಪ್ರಿಂಗಿನ ಪೇಟೆಂಟ್ ಪಡೆದಿದ್ದ. ನಮ್ಮ ಜೀಪಿನ ಅಡಿಯಲ್ಲಿ ಇರುವುದು ಅದರ ವಂಶದ್ದೇ.

ಎರಡು ವರ್ಷದ ಹಿಂದಿನ ಜುಲೈನಲ್ಲಿ ಕಿಗ್ಗದ ಕಡೆಯಿಂದ ಬರುವಾಗ ಎಡಗಡೆಯ ಮುಂದಿನ ಪ್ಲೇಟ್ ತುಂಡಾಯಿತು. ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಅಬ್ಬಾ ರಾತ್ರಿಯಿಡೀ ಮಳೆಯಲ್ಲಿ ಜೀಪಿನ ಪಕ್ಕ ಕಳೆದು ಬೆಳಿಗ್ಗೆ ಮನೆ ಸೇರಿದರು. ಮೂರು ದಿನ ಜ್ವರ. ಅಣ್ಣನಿಗೆ ಅದು ಮನಸ್ಸಿನಲ್ಲೇ ಉಳಿಯಿತು.

ಅಣ್ಣನಿಗೆ ಗಾಡಿ ಎಂದರೆ ಪ್ರಾಣ. ಫೋನಿನಲ್ಲಿ ನೋಡುವುದೆಲ್ಲ ಅಮೆರಿಕದ ಹಳೆಯ ಕಾರುಗಳು. ಅಲ್ಲಿ 1960ರ ದಶಕದ ದೊಡ್ಡ ಎಂಜಿನ್ ಕಾರುಗಳಿಗೆ ಮಸಲ್ ಕಾರ್ ಎನ್ನುತ್ತಾರಂತೆ. ಜನ ಅವುಗಳ ಮುಂಭಾಗ ಪೂರ್ತಿ ಬಿಚ್ಚಿ ಹೊಸ ಸ್ಪ್ರಿಂಗ್, ಹೊಸ ಶಾಕಬ್ಸರ್ ಹಾಕುತ್ತಾರೆ. "ನಮ್ಮ ಮಲೆನಾಡಿಗೆ ಮಸಲ್ ಕಾರ್ ಅಂದ್ರೆ ಇದೇ ಮಾರಾಯ್ತಿ, ನೋಡ್ತಾ ಇರು" ಎಂದು ಅಣ್ಣ ಜೀಪಿನ ಬಾನೆಟ್ ತಟ್ಟುತ್ತಿದ್ದ. ಒಂಬತ್ತು ತಿಂಗಳು ಕೂಡಿಟ್ಟ ದುಡ್ಡಿನಲ್ಲಿ ಮುಂದಿನ ಎರಡೂ ಕಡೆಗೆ ಎರಡೆರಡು ದಪ್ಪ ಪ್ಲೇಟ್ ಹೆಚ್ಚುವರಿಯಾಗಿ ಹಾಕಿಸಿಕೊಂಡು ಬಂದ. ಜೀಪಿನ ಮೂತಿ ಒಂದೂವರೆ ಇಂಚು ಮೇಲೆದ್ದಿತ್ತು. ನೋಡಲು ಭಾರಿ ಚೆಂದ. ನಾನು ಫೋಟೋ ತೆಗೆದು ಗೆಳತಿಯರಿಗೆಲ್ಲ ಕಳಿಸಿದೆ. "ಇನ್ನು ಹತ್ತು ವರ್ಷ ಪ್ಲೇಟ್ ಮುರಿಯಲ್ಲ ಅಬ್ಬಾ" ಎಂದ ಅಣ್ಣ. ಅಬ್ಬಾ ನಕ್ಕರು.

ಕಷ್ಟ ಶುರುವಾದದ್ದು ಮರುದಿನದಿಂದ. ಪ್ರತಿ ಗುಂಡಿಗೂ ಜೀಪ್ ಮುಂದಿನಿಂದ ಎದ್ದು ಕುಣಿಯುತ್ತಿತ್ತು. ಮೂತಿ ಮೇಲೆದ್ದ ಕಾರಣ ಸ್ಟೀರಿಂಗಿನ ಉದ್ದದ ಕಂಬಿಯ ಕೋನವೂ ಬದಲಾಗಿತ್ತು. ಚಕ್ರ ಗುಂಡಿಗೆ ಇಳಿದಾಗ ಅಬ್ಬಾ ನೇರ ಹಿಡಿದಿದ್ದರೂ ಜೀಪ್ ಸ್ವಲ್ಪ ಪಕ್ಕಕ್ಕೆ ಎಳೆಯುತ್ತಿತ್ತು. ಕೊಪ್ಪಕ್ಕೆ ಹೋಗಿ ಬಂದ ದಾದಿ ಎರಡು ದಿನ ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಂಡರು. ಕೆಲಸಕ್ಕೆ ಬರುವ ಹೆಂಗಸರು "ಸಾಹೇಬ್ರೇ, ನಾವು ನಡ್ಕೊಂಡೇ ಬರ್ತೀವಿ" ಎನ್ನತೊಡಗಿದರು. ತಮಾಷೆಗೆ ಹೇಳುತ್ತಿದ್ದಾರೆ ಎಂದುಕೊಂಡೆವು.

ಆಗಸ್ಟ್‌ನ ಒಂದು ರಾತ್ರಿ ತೋಟದಾಚೆಯ ಮನೆಯ ಅಕ್ಕನಿಗೆ ಹೆರಿಗೆ ನೋವು ಕಾಣಿಸಿಕೊಂಡಿತು. ದಿನ ತುಂಬಲು ಇನ್ನೂ ಮೂರು ವಾರ ಇತ್ತು. ಅಬ್ಬಾ ಕರೆಯುವ ಮೊದಲೇ ಜೀಪ್ ತೆಗೆದುಕೊಂಡು ಅವರ ಅಂಗಳಕ್ಕೆ ಹೋದರು. ಅಮ್ಮಿ, ನಾನು ಹಿಂದಿನಿಂದ ಓಡಿದೆವು. ಅಕ್ಕನ ಅತ್ತೆ ಜೀಪನ್ನು ನೋಡಿ, ಸೊಸೆಯ ಮುಖ ನೋಡಿ, "ಬೇಜಾರು ಮಾಡ್ಕೋಬೇಡಿ. ಈ ಜೀಪಲ್ಲಿ ಬೇಡ, ಇವಳಿಗೆ ತಡ್ಕೊಳ್ಳಕ್ಕೆ ಆಗಲ್ಲ" ಎಂದರು. 108ಕ್ಕೆ ಫೋನ್ ಮಾಡಿದರು. ಆಂಬುಲೆನ್ಸ್ ಟಾರು ರಸ್ತೆಯ ತನಕ ಬಂತು. ಅಕ್ಕನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಹೊತ್ತುಕೊಂಡು ಕೆಸರಿನಲ್ಲಿ ಒಂದು ಕಿಲೋಮೀಟರ್ ನಡೆದರು. ನಾಲ್ವರಲ್ಲಿ ಅಣ್ಣನೂ ಒಬ್ಬ. ಅಬ್ಬಾ ಮುಂದೆ ಟಾರ್ಚ್ ಹಿಡಿದು ದಾರಿ ತೋರಿಸಿದರು. ಜೀಪ್ ಅವರ ಅಂಗಳದಲ್ಲೇ ನಿಂತಿತ್ತು.

ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ಬೆಳಿಗ್ಗೆ ಸುದ್ದಿ ಬಂತು. ಅಬ್ಬಾ ಕೀಲಿಯನ್ನು ಮೊಳೆಗೆ ನೇತುಹಾಕಿ ಮಲಗಿದರು. ಅಣ್ಣನಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅಣ್ಣನಿಗೆ ಒಳ್ಳೆಯದಿತ್ತೇನೋ. ಅವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಅದೇ ಸಮಯಕ್ಕೆ ನಾನು ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ಸ್ಪ್ರಿಂಗಿನ ಪಾಠಗಳನ್ನು ಓದುತ್ತಿದ್ದೆ. ಎಳೆತ ಹೆಚ್ಚಾದಷ್ಟೂ ಸ್ಪ್ರಿಂಗ್ ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆ ಎಂದು ರಾಬರ್ಟ್ ಹುಕ್ 1678ರಲ್ಲಿ ಬರೆದದ್ದು, ಸ್ಪ್ರಿಂಗ್ ಗಟ್ಟಿಯಾದಷ್ಟೂ ಆಂದೋಲನ ಬೇಗಬೇಗ ಆಗುತ್ತದೆ ಎನ್ನುವುದು, ಎಲ್ಲ ಪರೀಕ್ಷೆಗೆ ಬಾಯಿಪಾಠ ಆಗಿತ್ತು. ಭಾನುವಾರ ಅಣ್ಣನಿಗೆ "ಒಮ್ಮೆ ಅಳೆದು ನೋಡೋಣವಾ?" ಎಂದೆ. ಅವನು ಉತ್ತರ ಕೊಡಲಿಲ್ಲ. ಆದರೆ ಸಿಮೆಂಟ್ ಚೀಲ ಹೊತ್ತು ತಂದ.

ಜೀಪಿನ ಮುಂದಿನ ಮಡ್‌ಗಾರ್ಡ್ ಚಪ್ಪಟೆ. ಅದು ಸರಿಯಾಗಿ ಚಕ್ರದ ಮೇಲೆ ಬರುತ್ತದೆ. 50 ಕೆ.ಜಿ.ಯ ಚೀಲ ಒಂದೊಂದು ಬದಿಗೆ ಎರಡರಂತೆ ಇಟ್ಟೆವು, ಒಟ್ಟು 200 ಕೆ.ಜಿ. ಇಡುವ ಮೊದಲು ಮತ್ತು ಇಟ್ಟ ನಂತರ ಜೀಪನ್ನು ಚೆನ್ನಾಗಿ ಅಲುಗಿಸಿ, ಮಡ್‌ಗಾರ್ಡ್ ನೆಲದಿಂದ ಎಷ್ಟು ಎತ್ತರ ಇದೆ ಎಂದು ಅಮ್ಮಿಯ ಹೊಲಿಗೆ ಟೇಪಿನಲ್ಲಿ ಅಳೆದೆ. ಮುಂಭಾಗ ಇಳಿದದ್ದು 15 ಮಿಲಿಮೀಟರ್ ಮಾತ್ರ.

ಅಣ್ಣ ಹೊಸ ಪ್ಲೇಟ್‌ಗಳನ್ನು ಬಿಚ್ಚಿದ. ಮತ್ತೆ ಅಳೆದಾಗ 20 ಮಿಲಿಮೀಟರ್. ಮುಂದಿನ ಚಕ್ರದ ಸ್ಪ್ರಿಂಗುಗಳು ಹೊರುವ ಭಾರ ಸುಮಾರು 500 ಕೆ.ಜಿ. ಎಂದು ಹಿಡಿದು ಲೆಕ್ಕ ಹಾಕಿದರೆ, ಹೊಸ ಪ್ಲೇಟ್ ಇದ್ದಾಗ ಜೀಪಿನ ಮೂತಿ ಸೆಕೆಂಡಿಗೆ ಸುಮಾರು 2.6 ಸಲ ಕುಣಿಯುತ್ತದೆ, ತೆಗೆದ ಮೇಲೆ 2.2 ಸಲ. ಆರಾಮದ ಕಾರುಗಳಲ್ಲಿ ಇದು 1ರಿಂದ 1.5ರವರೆಗೆ ಇರುತ್ತದೆ. ಕುಳಿತ ಮನುಷ್ಯನ ದೇಹಕ್ಕೆ ಮೇಲೆ ಕೆಳಗಿನ ಅಲುಗಾಟ ಅತಿ ಹೆಚ್ಚು ನೋವು ಕೊಡುವುದು ಸೆಕೆಂಡಿಗೆ 4ರಿಂದ 8 ಸಲ ಆದಾಗ. ನಾವು ದುಡ್ಡು ಕೊಟ್ಟು ಜೀಪನ್ನು ಆ ದಿಕ್ಕಿಗೇ ತಳ್ಳಿದ್ದೆವು.

ಈ ಲೆಕ್ಕವನ್ನು ನಮ್ಮ ಭೌತಶಾಸ್ತ್ರದ ಸರ್‌ಗೆ ತೋರಿಸಿದೆ. ಅವರು ನೋಡಿ, "ಪ್ಲೇಟ್ ತೆಗೆದ ಮೇಲೂ 2.2 ಜಾಸ್ತಿಯೇ ಅಲ್ವಾ? ಯಾಕೆ ಅಂತ ನೋಡು. ಕುಣಿತವನ್ನು ನಿಲ್ಲಿಸೋದು ಯಾವುದು ಅಂತಲೂ ನೋಡು" ಎಂದರು. ಉತ್ತರ ಹೇಳಲಿಲ್ಲ.

ಉತ್ತರ ಸಿಕ್ಕಿದ್ದು ಎನ್.ಆರ್.ಪುರದಲ್ಲಿ. ಅಲ್ಲಿ ಪ್ಲೇಟಿನ ಕೆಲಸ ಮಾಡುವ ಒಬ್ಬ ವಯಸ್ಸಾದ ಆಚಾರ್ರು ಇದ್ದಾರೆ. ಅಬ್ಬಾನಿಗೆ ಹಳೆಯ ಪರಿಚಯ. ನಾನೂ ಬರುತ್ತೇನೆ ಎಂದಾಗ ಅಮ್ಮಿ "ಗ್ಯಾರೇಜಿಗೆ ಹುಡುಗಿ ಯಾಕೆ?" ಎಂದರು. "ಅಳೆದವಳು ಅವಳಲ್ವಾ, ಬರಲಿ" ಎಂದರು ಅಬ್ಬಾ.

ಆಚಾರ್ರು ಹಳೆಯ ಕಟ್ಟು ಬಿಚ್ಚಿದಾಗ ಪ್ಲೇಟ್‌ಗಳು ಬೇರೆಯಾಗಲೇ ಇಲ್ಲ. ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಅವರು ನನ್ನ ಬ್ಯಾಗಿನಿಂದ ನೋಟ್‌ಬುಕ್ ತೆಗೆಸಿದರು. "ಬಗ್ಗಿಸು ಮಗಳೇ" ಎಂದರು. ಸುಲಭವಾಗಿ ಬಾಗಿತು, ಹಾಳೆಗಳು ಒಂದರ ಮೇಲೊಂದು ಜಾರಿದವು. "ಈಗ ಎರಡೂ ತುದಿ ಗಟ್ಟಿಯಾಗಿ ಒತ್ತಿ ಹಿಡ್ಕೊಂಡು ಬಗ್ಗಿಸು." ಬಾಗಲಿಲ್ಲ. ಸ್ನೇಹಿತರೇ, ನೀವೂ ಮಾಡಿ ನೋಡಿ. ಪ್ಲೇಟಿನ ಗಟ್ಟಿತನ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ಜಾರುವ ಎರಡು ಪ್ಲೇಟ್ ಸೇರಿದರೆ ಗಟ್ಟಿತನ ಎರಡು ಪಟ್ಟು. ಅವೇ ಎರಡು ಪೂರ್ತಿ ಅಂಟಿ ಒಂದಾದರೆ ಎಂಟು ಪಟ್ಟು.

ಅಣ್ಣ ಕೇಳಿದ, "ಹಾಗಾದ್ರೆ ಆವತ್ತು ಮುರಿದದ್ದು ಯಾಕೆ ಆಚಾರ್ರೇ? ತೆಳ್ಳಗಿತ್ತು ಅಂತ ಅಲ್ವಾ?"

ಅವರು ಅಬ್ಬಾನ ಕಡೆ ನೋಡಿ, "ಎಲ್ಲಿ ಮುರಿದಿತ್ತು? ನಡುವಿನ ತೂತಲ್ಲಾ?" ಎಂದರು. ಹೌದು, ಅಲ್ಲೇ. "ಹಾಗಾದ್ರೆ ಯು-ಬೋಲ್ಟ್ ಸಡಿಲ ಇತ್ತು. ಬೋಲ್ಟ್ ಬಿಗಿ ಇದ್ರೆ ನಡುಭಾಗ ಬಾಗೋದೇ ಇಲ್ಲ. ಸಡಿಲ ಆದ್ರೆ ಎಲ್ಲಾ ಏಟೂ ಆ ತೂತಿಗೇ ಬೀಳುತ್ತೆ. ಹತ್ತು ಪ್ಲೇಟ್ ಹಾಕಿದ್ರೂ ಅಲ್ಲೇ ಮುರಿಯೋದು."

ಅಣ್ಣ ತಲೆ ತಗ್ಗಿಸಿದ. ಆಗ ಅಬ್ಬಾ, "ಬೋಲ್ಟ್ ನೋಡ್ಬೇಕಾಗಿದ್ದು ನಾನು. ಅವನದ್ದೇನೂ ತಪ್ಪಿಲ್ಲ" ಎಂದರು. ಇಷ್ಟು ದಿನ ಅವರು ಬೈಯದೆ ಇದ್ದದ್ದು ಯಾಕೆ ಎಂದು ನನಗೆ ಆಗ ಗೊತ್ತಾಯಿತು. ಅಣ್ಣ ಪ್ಲೇಟ್ ಹಾಕಿಸಿದ್ದು ಚೆಂದಕ್ಕಲ್ಲ, ಆ ಮಳೆಯ ರಾತ್ರಿಗಾಗಿ ಎನ್ನುವುದು ಅಬ್ಬಾನಿಗೆ ಮೊದಲೇ ಗೊತ್ತಿತ್ತು.

ಎರಡು ದಿನ ಕೆಲಸ ನಡೆಯಿತು. ಹಳೆಯ ಪ್ಲೇಟ್‌ಗಳ ತುಕ್ಕು ಉಜ್ಜಿ, ಕುಸಿದಿದ್ದ ಬಾಗನ್ನು ಮತ್ತೆ ಸರಿಮಾಡಿ, ನಡುವೆ ಗ್ರೀಸ್ ಹಚ್ಚಿ ಜೋಡಿಸಿದರು. ಬುಷ್ ಹೊಸದು, ಸೆಂಟರ್ ಬೋಲ್ಟ್ ಹೊಸದು, ನಾಲ್ಕು ಯು-ಬೋಲ್ಟ್ ಹೊಸದು. ಸರ್ ಕೇಳಿದ ಎರಡನೇ ಪ್ರಶ್ನೆಗೆ ಉತ್ತರ ಶಾಕಬ್ಸರ್. ಒಳಗಿನ ಎಣ್ಣೆ ಸಣ್ಣ ತೂತಿನಲ್ಲಿ ಹಾದುಹೋಗುವಾಗ ಕುಣಿತದ ಶಕ್ತಿ ಶಾಖವಾಗಿ ಹೋಗುತ್ತದೆ. ನಮ್ಮದು ಎಂದೋ ಸೋರಿ ಖಾಲಿಯಾಗಿತ್ತು. ತುಕ್ಕು ಹಿಡಿದ ಪ್ಲೇಟ್‌ಗಳ ತಿಕ್ಕಾಟದಿಂದಾಗಿ ಅದು ನಮ್ಮ ಗಮನಕ್ಕೆ ಬಂದಿರಲಿಲ್ಲ. ಪರೀಕ್ಷೆ ಸುಲಭ. ಬಂಪರ್ ಒತ್ತಿ ಬಿಡಬೇಕು. ಒಮ್ಮೆ ಮೇಲೆದ್ದು ಕೂತರೆ ಸರಿ, ಎರಡು ಮೂರು ಸಲ ಕುಣಿದರೆ ಅದು ಹೋಗಿದೆ ಎಂದರ್ಥ. ಹೊಸ ಜೋಡಿ ಹಾಕಿಸಿದೆವು. ಅಣ್ಣ ಹಾಕಿಸಿದ್ದ ಪ್ಲೇಟಿಗಿಂತ ಒಟ್ಟು ಖರ್ಚು ಸ್ವಲ್ಪ ಕಡಿಮೆಯೇ ಆಯಿತು.

ಮನೆಗೆ ಬಂದು ಅದೇ ಚೀಲ, ಅದೇ ಟೇಪ್. ಈ ಸಲ 27 ಮಿಲಿಮೀಟರ್, ಅಂದರೆ ಸೆಕೆಂಡಿಗೆ 1.9 ಸಲ. ಕಾರಿನ ಆರಾಮ ಬಂದಿಲ್ಲ, ಬರುವುದೂ ಇಲ್ಲ. ಜೀಪ್ ಜೀಪೇ. ಆದರೆ ಗುಂಡಿಗೆ ಇಳಿದು ಎದ್ದು ಅಲ್ಲಿಗೇ ಸುಮ್ಮನಾಗುತ್ತದೆ. ಸ್ಟೀರಿಂಗ್ ಎಳೆಯುವುದೂ ನಿಂತಿದೆ.

ಸೆಪ್ಟೆಂಬರ್‌ನಲ್ಲಿ ತೋಟದಾಚೆಯ ಅಕ್ಕ ತವರಿನಿಂದ ಮಗು ಕರೆದುಕೊಂಡು ಬರುವ ದಿನ, ಅವರ ಅತ್ತೆಯೇ ಬಂದು "ಸಾಹೇಬ್ರೇ, ಕೊಪ್ಪ ಬಸ್‌ಸ್ಟ್ಯಾಂಡಿಗೆ ಜೀಪ್ ತರ್ತೀರಾ?" ಎಂದು ಕೇಳಿದರು. ಅಬ್ಬಾ ಅರ್ಧ ಗಂಟೆ ಮೊದಲೇ ಹೊರಟರು. ನಾನೂ ಹೋಗಿದ್ದೆ. ಮಣ್ಣಿನ ದಾರಿಗೆ ಇಳಿದಾಗ ಎಲ್ಲರೂ ಮಗುವನ್ನೇ ನೋಡುತ್ತಿದ್ದೆವು. ಅಂಗಳ ಬರುವ ತನಕ ಅದು ನಿದ್ದೆಯಿಂದ ಏಳಲಿಲ್ಲ.

ಈಗ ಶುಕ್ರವಾರ ಜುಮಾ ಮುಗಿಸಿ ಬಂದ ಮೇಲೆ ಅಣ್ಣ ಜೀಪಿನ ಅಡಿಗೆ ಹೋಗಿ ಯು-ಬೋಲ್ಟ್ ಬಿಗಿ ನೋಡುತ್ತಾನೆ. ಹೊಸ ಬೋಲ್ಟ್ ಹಾಕಿದ ಮೇಲೆ ಸ್ವಲ್ಪ ಓಡಿಸಿ ಮತ್ತೊಮ್ಮೆ ಬಿಗಿಯಲೇಬೇಕು ಎಂದು ಆಚಾರ್ರು ಹೇಳಿದ್ದರು. ನಿಮ್ಮ ಮನೆಯಲ್ಲಿ ಜೀಪ್ ಇದ್ದರೆ ನೀವೂ ಇದನ್ನು ಮರೆಯಬೇಡಿ. ಬಿಚ್ಚಿದ ನಾಲ್ಕು ದಪ್ಪ ಪ್ಲೇಟ್‌ಗಳು ಒಳ್ಳೆಯ ಉಕ್ಕು, ಹಾಳಾಗಲಿಲ್ಲ. ಒಂದನ್ನು ಆಚಾರ್ರಿಗೆ ಕೊಟ್ಟೆವು. ಉಳಿದದ್ದರಲ್ಲಿ ಅವರು ತೋಟದ ಕೆಲಸಕ್ಕೆ ಕತ್ತಿ ಮಾಡಿಕೊಟ್ಟಿದ್ದಾರೆ. ಅದರಲ್ಲಿ ಒಂದು ತೋಟದಾಚೆಯ ಮನೆಯಲ್ಲಿದೆ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ