ದೊಡ್ಡಪ್ಪನವರ ಪುಟ್ಟ ಇಂಜಿನು

ಹೊಸ ಕಬ್ಬಿಣದ ಕಾವಲಿಯ ಮೇಲೆ ಮೊದಲ ದಿನವೇ ದೋಸೆ ಏಳುವುದಿಲ್ಲವೆಂಬುದು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲ ಸಂಗತಿ. ಎಣ್ಣೆ ಸವರಿ, ಕಾಯಿಸಿ, ಆರಿಸಿ, ಮತ್ತೆ ಸವರಿ, ಹೀಗೆ ನಾಲ್ಕಾರು ದಿನ ಅದನ್ನು ಪಳಗಿಸಬೇಕು. ಮಾದರಿ ವಿಮಾನದ ಹಳೆಯ ಇಂಜಿನಿಗೂ ಇಂಥದೇ ಉಪಚಾರ ಬೇಕೆಂಬುದು ಈಚೆಗೆ ನಮ್ಮ ಅನುಭವಕ್ಕೆ ಬಂತು.

ನಮ್ಮ ದೊಡ್ಡಪ್ಪನವರು ಎನ್.ಸಿ.ಸಿ.ಯ ವಾಯುದಳ ವಿಭಾಗದ ಹುಡುಗರಿಗೆ ಮಾದರಿ ವಿಮಾನ ಕಟ್ಟುವುದನ್ನು ಕಲಿಸುತ್ತಿದ್ದರು. 1958ರಲ್ಲಿ, ಮದುವೆಯಾದ ವರ್ಷವೇ, ಮುಂಬಯಿಯಲ್ಲಿ ತಮಗೆಂದು ಒಂದು ಇಂಜಿನು ಕೊಂಡರು. ಅದು ಮಿಲ್ಸ್ 1.3, ಇಂಗ್ಲೆಂಡಿನಲ್ಲಿ 1946ರಲ್ಲಿ ಹೊರಬಂದ, ಡೀಸೆಲ್ ಎಂದು ಕರೆಯುವ ಜಾತಿಯದು. 1.3 ಎಂದರೆ ಅದರ ಗಾತ್ರ, ಘನ ಸೆಂಟಿಮೀಟರಿನ ಲೆಕ್ಕದಲ್ಲಿ. ಟೀ ಚಮಚದ ಕಾಲು ಭಾಗವೆಂದಿಟ್ಟುಕೊಳ್ಳಿ! ಆದರೆ ವರ್ಗಾವಣೆ, ಮಕ್ಕಳ ಓದು, ತಂಗಿಯರ ಮದುವೆ ಎಂದು ವರ್ಷಗಳು ಉರುಳಿದವು. ಇಂಜಿನು ಪೆಟ್ಟಿಗೆಯಿಂದ ಈಚೆಗೆ ಬರಲೇ ಇಲ್ಲ. ದೊಡ್ಡಪ್ಪನವರು ಹೋದಮೇಲೂ ದೊಡ್ಡಮ್ಮ ಆ ಪೆಟ್ಟಿಗೆಯನ್ನು ಬಿಡದೆ ಪುಣೆಯ ಮನೆಯವರೆಗೆ ತಂದಿದ್ದರು.

ಒಮ್ಮೆಯೂ ಓಡದ ಇಂಥ ಇಂಜಿನಿಗೆ ಸಂಗ್ರಹಕಾರರು ಹೆಚ್ಚು ಬೆಲೆ ಕೊಡುತ್ತಾರೆ. ಓಡಿಸಿದರೆ ಬೆಲೆ ಇಳಿಯುತ್ತದೆ, ಓಡಿಸುವಾಗ ಕೆಟ್ಟರಂತೂ ಬಿಡಿಭಾಗ ದೊರೆಯುವುದು ದುರ್ಲಭ. ಆದ್ದರಿಂದ ಅಣ್ಣತಮ್ಮಂದಿರಾದ ನಮ್ಮಲ್ಲಿ ಇಬ್ಬರು ಗಾಜಿನ ಕಪಾಟಿನ ಪಕ್ಷ, ಒಬ್ಬ ಓಡಿಸುವ ಪಕ್ಷ. ತೀರ್ಪು ಕೊಟ್ಟವರು ದೊಡ್ಡಮ್ಮ.

"ಅವರು ಅದನ್ನ ಕಪಾಟಿನಲ್ಲಿಡೋಕೆ ತಂದಿದ್ದಲ್ಲ. ನನಗೂ ಎಂಬತ್ತೈದಾಯ್ತು. ಅದರ ಸದ್ದು ಹ್ಯಾಗಿರತ್ತೆ ಅಂತ ಒಂದು ಸಲ ಕೇಳಬೇಕು ಕಣ್ರೋ."

ಆಮೇಲೆ ಮಾತೆಲ್ಲಿ?

ಒಳಗಿನ ಹಳೆಯ ಎಣ್ಣೆ ಅಂಟಾಗಿ ಇಂಜಿನು ತಿರುಗುತ್ತಲೇ ಇರಲಿಲ್ಲ. ಇಕ್ಕುಳ ಹಾಕಿ ತಿರುಗಿಸುವುದು ಮಹಾಪರಾಧ. ಒಳಗಿನ ಕೊಂಡಿ ಬಾಗಿಬಿಡುತ್ತದೆ. ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆಸಿ, ಒರೆಸಿ, ಕೂದಲೊಣಗಿಸುವ ಯಂತ್ರದಿಂದ ಬೆಚ್ಚಗೆ ಮಾಡಿದಾಗ ತಾನಾಗಿಯೇ ಸಡಿಲಿತು.

ಇನ್ನು ಇದರ ಆಹಾರ. ಈಥರ್, ಸೀಮೆಎಣ್ಣೆ, ಹರಳೆಣ್ಣೆ, ಮೂರೂ ಸಮಪಾಲು. ಈ ಇಂಜಿನಿಗೆ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಒತ್ತಡದಿಂದ ಕಾದ ಗಾಳಿಯಲ್ಲಿ ಈಥರ್ ಹೊತ್ತಿಕೊಳ್ಳುತ್ತದೆ, ಸೀಮೆಎಣ್ಣೆ ಬಲ ಕೊಡುತ್ತದೆ, ಹರಳೆಣ್ಣೆ ಸವೆತ ತಡೆಯುತ್ತದೆ. ಈಥರಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದುಹೋಗಿ ದೂರದ ಒಲೆಯನ್ನೂ ಮುಟ್ಟೀತು. ಆದಕಾರಣ ಮಿಶ್ರಣವೂ ಓಟವೂ ಊರಾಚೆಯ ಬಯಲಿನಲ್ಲಿ. ಪಾರ್ಶ್ವದಲ್ಲಿ ನಿಲ್ಲದೆ ಪ್ರೊಪೆಲ್ಲರಿನ ಹಿಂದೆ ನಿಲ್ಲಬೇಕು, ಕೈಗೆ ದಪ್ಪ ಚರ್ಮದ ಗವಸು ಹಾಕಬೇಕು.

ದಪ್ಪ ಹಲಗೆಗೆ ಇಂಜಿನನ್ನು ಬಿಗಿದು, 9 ಅಂಗುಲದ ಪ್ರೊಪೆಲ್ಲರು ಹಾಕಿ, ಬೀಸಿ ತಿರುಗಿಸುತ್ತ, ಒತ್ತಡದ ತಿರುಪನ್ನು ಸ್ವಲ್ಪಸ್ವಲ್ಪವೇ ಬಿಗಿಮಾಡುತ್ತ ಹೋದೆವು. ಮೊದಲು 'ಟಪ್' ಎಂದಿತು, ಬಳಿಕ ಕೆಮ್ಮಿತು, ಆಮೇಲೆ ಓಡಿತು. ಬಾಲ್ಯದಲ್ಲಿ ಹರಳೆಣ್ಣೆ ಕುಡಿದವರೆಲ್ಲ ಆ ಹೊಗೆಗೆ ಮೂಗು ಮುಚ್ಚಿಕೊಂಡರು.

ತಮ್ಮನ ಮಗನಿಗೆ ಆಗಲೇ ಪೂರ್ಣ ವೇಗ ಬೇಕಾಗಿತ್ತು. ಆದರೆ ಸೂಜಿ ಕವಾಟವನ್ನು ಹೆಚ್ಚಾಗಿ ತೆರೆದು, ಇಂಧನ ಧಾರಾಳವಾಗಿ ಹರಿಯುವಂತೆ ಮಾಡಿ, ಕಡಮೆ ಒತ್ತಡದಲ್ಲಿ ಎರಡು ನಿಮಿಷ ಓಡಿಸಿ ನಿಲ್ಲಿಸಬೇಕು. ಏಕೆಂದರೆ ಉಕ್ಕಿನ ಸಿಲಿಂಡರಿನಲ್ಲಿ ಎರಕದ ಕಬ್ಬಿಣದ ಪಿಸ್ಟನ್ನು ರಿಂಗಿಲ್ಲದೆಯೇ ಕೂತಿರುತ್ತದೆ. ಕಣ್ಣಿಗೆ ಕಾಣದ ಏರುತಗ್ಗುಗಳು ಒಂದನ್ನೊಂದು ಮೆಲ್ಲಗೆ ಉಜ್ಜಿ ಹೊಂದಿಕೊಳ್ಳಬೇಕು. ಹಾಗಾಗುವ ಮೊದಲೇ ಬಿಸಿಯೇರಿದರೆ ಪಿಸ್ಟನ್ನು ಹಿಡಿದುಕೊಂಡು ಗೀರು ಬೀಳುತ್ತದೆ. ಈಗಿನ ಅನೇಕ ಇಂಜಿನುಗಳ ರೀತಿಯೇ ಬೇರೆ. ಅವುಗಳಲ್ಲಿ ಕ್ರೋಮಿಯಂ ಲೇಪಿಸಿದ ಹಿತ್ತಾಳೆಯ ಕೊಳವೆ ಮೇಲಕ್ಕೆ ಹೋದಂತೆ ಕಿರಿದಾಗಿರುತ್ತದೆ. ಬಿಸಿಯಾದಾಗಲೇ ಪಿಸ್ಟನ್ನಿಗೆ ಸರಿಹೋಗುತ್ತದೆ. ಅವನ್ನು ತಣ್ಣಗೆ ಓಡಿಸಿದರೇ ಹಾನಿ.

ಪ್ರತಿ ಓಟದ ನಂತರ ಇಂಜಿನು ಪೂರ್ತಿ ಆರಬೇಕು. ಓಡುವುದು ಎಷ್ಟು ಮುಖ್ಯವೋ ಆರುವುದೂ ಅಷ್ಟೇ ಮುಖ್ಯ. ಕಾದು ಆರಿದಂತೆ ಕಬ್ಬಿಣ ತನ್ನ ಬಿಗುವು ಕಳೆದುಕೊಂಡು ನೆಲೆಗೊಳ್ಳುತ್ತದೆ. ಹುಡುಗ ಬೇಗ ಆರಲೆಂದು ಒದ್ದೆ ಬಟ್ಟೆ ತಂದಾಗ ದೊಡ್ಡಮ್ಮ ಕುರ್ಚಿಯಿಂದಲೇ ತಡೆದರು: "ಕಾದ ಕಾವಲಿಗೆ ನೀರು ಸುರೀತಾರೇನೋ, ಮರಿ? ಅದರ ಪಾಡಿಗೆ ಆರಲಿ ಬಿಡು."

ಇಂಜಿನು ಆರುವ ಆ ಬಿಡುವಿನಲ್ಲಿಯೇ ನಮಗೆ ದೊಡ್ಡಪ್ಪನವರ ಅರಿಯದ ಮುಖ ತಿಳಿದದ್ದು. ರಾತ್ರಿ ಮಕ್ಕಳೆಲ್ಲ ಮಲಗಿದ ಮೇಲೆ ಅವರು ಪೆಟ್ಟಿಗೆ ತೆಗೆದು, ಇಂಜಿನನ್ನು ಅಂಗೈಯಲ್ಲಿಟ್ಟು ನೋಡಿ, ಮತ್ತೆ ಮುಚ್ಚಿಡುತ್ತಿದ್ದರಂತೆ. "ಬರೋ ವರ್ಷ" ಎನ್ನುತ್ತಿದ್ದರಂತೆ. ಅವರು ನಮಗೆಲ್ಲ ಫೀಜು ಕಟ್ಟಿದ ವರ್ಷಗಳು ಅವು.

ಹೀಗೆ ನಾಲ್ಕು ಭಾನುವಾರ, ಹದಿನೈದು ಓಟ. ಮೊದಲು ಕಪ್ಪಾಗಿ ಸಿಡಿಯುತ್ತಿದ್ದ ಎಣ್ಣೆ ಕ್ರಮೇಣ ತಿಳಿಯಾಯಿತು. ಸವೆಯಬೇಕಾದ ಕಬ್ಬಿಣ ಸವೆದಾಯಿತೆಂಬುದಕ್ಕೆ ಅದೇ ಗುರುತು. ಕೊನೆಯ ಭಾನುವಾರ ಸೂಜಿಯನ್ನು ಬಿಗಿಮಾಡಿದೆವು. ಮೊದಲೆಲ್ಲ ಬಿಸಿಯೇರುತ್ತಲೇ ಕುಗ್ಗುತ್ತಿದ್ದ ಇಂಜಿನು ಈ ಸಲ ಕುಗ್ಗಲಿಲ್ಲ. ತೊಟ್ಟಿಯ ಇಂಧನ ಮುಗಿಯುವ ತನಕ ಒಂದೇ ಸ್ವರದಲ್ಲಿ ಹಾಡಿತು.

ಸದ್ದು ನಿಂತ ಮೇಲೂ ದೊಡ್ಡಮ್ಮ ಸ್ವಲ್ಪ ಹೊತ್ತು ಅತ್ತಲೇ ನೋಡುತ್ತಿದ್ದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಬ್ಬ, ಏನು ಗಲಾಟೆ! ಆಗಲೇ ಮನೇಲಿ ಓಡಿಸಿದ್ದಿದ್ರೆ ನಾನೇ ಬೈದುಬಿಡ್ತಿದ್ದೆ" ಎಂದರು.

ಇಂಜಿನಿನ ಮಾರುಬೆಲೆ ಈಗ ಇಳಿದಿರಬೇಕು. ಎಷ್ಟೆಂದು ನಾವು ಯಾರೂ ವಿಚಾರಿಸಲು ಹೋಗಿಲ್ಲ. ತಮ್ಮನ ಮಗ ಅದಕ್ಕೆ ತಕ್ಕ ರೆಕ್ಕೆಗಳನ್ನು ಕೊರೆಯುತ್ತಿದ್ದಾನೆ.