ಬೆರ್ಚಪ್ಪನಾದ ಚಲಚ್ಚಿತ್ರ

ಇಂದು ಬೆಳಿಗ್ಗೆ ವಾಯುಸೇವನೆಗೆಂದು ಊರಂಚಿನ ಕಡೆಗೆ ಹೊರಟಿದ್ದಾಗ, ಸೀಬೆಯ ತೋಟವೊಂದರಲ್ಲಿ ಗಿಳಿಗಳ ಹಾವಳಿಯನ್ನು ತಡೆಯುವುದಕ್ಕಾಗಿ ಕೊಂಬೆಯಿಂದ ಕೊಂಬೆಗೆ ದಾರ ಬಿಗಿದು, ಅದರುದ್ದಕ್ಕೂ ಹಳೆಯ ಸೀಡಿಗಳನ್ನು ತೂಗಹಾಕಿದ್ದುದು ಕಣ್ಣಿಗೆ ಬಿದ್ದಿತು. ಎಳೆಬಿಸಿಲಿಗೆ ಅವು ಥಳಥಳಿಸುತ್ತಿದ್ದುವು. ಗಾಳಿ ಸುಳಿದಾಗಲೆಲ್ಲ ಕಾಮನಬಿಲ್ಲಿನ ಬಣ್ಣಗಳನ್ನು ಎಲೆಗಳ ಮೇಲೆ ಚೆಲ್ಲುತ್ತಿದ್ದುವು. ಅಷ್ಟೇ ಆಗಿದ್ದರೆ ನೋಡಿ ಸಂತೋಷಪಟ್ಟು ಮುಂದೆ ನಡೆಯಬಹುದಾಗಿದ್ದಿತು. ಆದರೆ ಬೇಲಿಗೆ ಸಮೀಪವಾಗಿದ್ದ ಬಿಲ್ಲೆಯೊಂದು ಗಾಳಿಗೆ ಮಗ್ಗುಲು ತಿರುಗಿಸಿದಾಗ ಅದರ ಬೆನ್ನಿನ ಮೇಲಿನ ಅಕ್ಷರಗಳು ಓದಲು ದೊರೆತುವು: ‘ಭೂತಯ್ಯನ ಮಗ ಅಯ್ಯು’, ಮೊದಲನೆಯ ಭಾಗ. ಆಮೇಲೆ ಕಾಲು ನಡೆದರೂ ಮನಸ್ಸು ಅಲ್ಲಿಯೇ ಬೇಲಿಯನ್ನು ಹಿಡಿದು ನಿಂತುಬಿಟ್ಟಿತು.

ತೋಟದವನ ಮೇಲೆ ನನಗೆ ಕೋಪವಿಲ್ಲ. ಹಣ್ಣನ್ನು ಕಾಯುವುದು ಅವನ ಧರ್ಮ. ನನ್ನನ್ನು ಕಾಡಿದುದು ‘ಮೊದಲನೆಯ ಭಾಗ’ ಎಂಬ ಆ ಒಕ್ಕಣೆ. ವಿಸಿಡಿ ಎಂದು ನಾವು ಕರೆಯುತ್ತಿದ್ದ ಆ ಮುದ್ರಿಕೆಯಲ್ಲಿ ಸುಮಾರು ಒಂದೂಕಾಲು ಗಂಟೆಯ ಚಿತ್ರಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲವಾದುದರಿಂದ ನಮ್ಮ ಚಿತ್ರಗಳು ಎರಡು ಅಥವಾ ಮೂರು ಬಿಲ್ಲೆಗಳಲ್ಲಿ ಹಂಚಿಹೋಗುತ್ತಿದ್ದುವು. ಗೊರೂರರ ಕಥೆಯನ್ನು ಆಧರಿಸಿ ಸಿದ್ದಲಿಂಗಯ್ಯನವರು ೧೯೭೪ರಲ್ಲಿ ನಿರ್ದೇಶಿಸಿದ ಈ ಚಿತ್ರದಲ್ಲಿ ಲೋಕೇಶರ ಅಯ್ಯುವಿಗೂ ವಿಷ್ಣುವರ್ಧನರ ಗುಳ್ಳನಿಗೂ ನಡುವೆ ಬೆಳೆಯುವ ಹಗೆಯೆಲ್ಲ ಮೊದಲಿನ ಬಿಲ್ಲೆಗೆ ಸೇರಿದ್ದು. ಆ ಹಗೆಯನ್ನು ಕರಗಿಸುವ ಮಹಾಪ್ರವಾಹವು ಕಡೆಯ ಬಿಲ್ಲೆಯಲ್ಲಿ ಬರತಕ್ಕದ್ದು. ಹಾಗಿದ್ದಲ್ಲಿ ಆ ಪ್ರವಾಹವೆಲ್ಲಿ? ದಾರದ ಮೇಲೆ ನನ್ನ ದೃಷ್ಟಿ ಹರಿದಷ್ಟು ದೂರವೂ ಹುಡುಕಿದೆ. ಉಳಿದವೆಲ್ಲ ಬರಿಯ ಹೊಳೆಯುವ ಮುಖವನ್ನೇ ತೋರುತ್ತಿದ್ದುವು.

ಈ ಬಿಲ್ಲೆಗಳನ್ನು ಕೂಡಿಹಾಕುವ ಹವ್ಯಾಸವುಳ್ಳವರು ಬಲ್ಲ ಒಂದು ಸಂಗತಿಯನ್ನು ಇತರರು ಅರಿಯರು. ಜನರು ಹೊಳೆಯುವ ಮುಖವನ್ನು ಜೋಪಾನಮಾಡಿ, ಹೆಸರು ಬರೆದಿರುವ ಬೆನ್ನನ್ನು ಮೇಜಿನ ಮೇಲೆ ಉಜ್ಜಾಡಿಸುತ್ತಾರೆ. ವಸ್ತುಸ್ಥಿತಿ ಇದಕ್ಕೆ ವಿಪರೀತವಾದುದು. ಹನ್ನೆರಡು ಸೆಂಟಿಮೀಟರ್ ವ್ಯಾಸದ, ಒಂದು ಮಿಲಿಮೀಟರಿಗಿಂತ ಸ್ವಲ್ಪವೇ ದಪ್ಪನಾದ ಆ ಪಾರದರ್ಶಕ ಪ್ಲಾಸ್ಟಿಕ್ಕಿನ ತಟ್ಟೆಯಲ್ಲಿ, ಚಿತ್ರವನ್ನು ಹೊತ್ತ ಸೂಕ್ಷ್ಮ ಗುಳಿಗಳೂ ಅವುಗಳ ಮೇಲೆ ಹೊದಿಸಿದ ಅಲ್ಯೂಮಿನಿಯಂ ಪದರವೂ ಇರುವುದು ಆ ಬೆನ್ನಿನ ಕಡೆಗೇ. ಮೇಲೆ ತೆಳುವಾದ ಅರಗಿನ ಲೇಪವಲ್ಲದೆ ಬೇರೊಂದು ರಕ್ಷಣೆಯಿಲ್ಲ. ಆ ಲೇಪ ಬಿರುಕುಬಿಟ್ಟು ಗಾಳಿಯೂ ತೇವವೂ ಒಳಹೊಕ್ಕರೆ ಲೋಹವು ಕಿಲುಬುಹಿಡಿದು, ಚಿತ್ರವು ಗವಾಕ್ಷಗಳುಳ್ಳ ಗೋಡೆಯಂತಾಗುವುದು. ಅನಂತರ ಬಂದ ಡಿವಿಡಿಯಲ್ಲಿ ಎರಡು ತಟ್ಟೆಗಳ ನಡುವೆ ಆ ಪದರವನ್ನು ಅಂಟಿಸಿ ಈ ಭಯವನ್ನು ಬಹುಮಟ್ಟಿಗೆ ತಗ್ಗಿಸಿದರು. ಮನೆಯಲ್ಲಿ ನಾವೇ ಬರೆದುಕೊಳ್ಳುವ ಬಿಲ್ಲೆಗಳಲ್ಲಾದರೋ ಚಿತ್ರವನ್ನು ಹಿಡಿದಿಡುವುದು ಒಂದು ಬಗೆಯ ವರ್ಣದ್ರವ್ಯ. ಬಿಸಿಲೇ ಅದಕ್ಕೆ ಮೃತ್ಯು. ಆದುದರಿಂದ ಅವನ್ನು ತಂಪಾದ, ಒಣಗಿದ, ಕತ್ತಲೆಯ ಸ್ಥಳದಲ್ಲಿ ನೆಟ್ಟಗೆ ನಿಲ್ಲಿಸಿಡಬೇಕು. ಒರೆಸುವಾಗ ಸುತ್ತುಸುತ್ತಾಗಿ ಒರೆಸದೆ ನಡುವಿನಿಂದ ಅಂಚಿಗೆ ನೇರವಾಗಿ ಎಳೆಯಬೇಕು. ಸೀಬೆಯ ಮರದಲ್ಲಿ ಬಿಸಿಲು ಇಬ್ಬನಿಗಳೆರಡಕ್ಕೂ ಮೈಯೊಡ್ಡಿ ತೂಗುತ್ತಿದ್ದ ಆ ಅಯ್ಯುವಿನ ಆಯುಸ್ಸು ಇನ್ನೆಷ್ಟು ತಿಂಗಳಿನದು?

ಈಗ ಎಲ್ಲವೂ ಮೊಬೈಲಿನಲ್ಲೇ ದೊರೆಯುವಾಗ ಇವುಗಳ ಚಿಂತೆ ಏಕೆಂದು ಕೇಳುವವರಿಗೆ ಹೇಳತಕ್ಕದ್ದು ಇಷ್ಟೇ. ಬಾಡಿಗೆಯ ಮನೆ ಬಾಡಿಗೆಯದೇ. ಕರಾರು ಮುಗಿದ ದಿನ ಚಿತ್ರವು ಸದ್ದಿಲ್ಲದೆ ಜಾಗ ಖಾಲಿಮಾಡುತ್ತದೆ. ಇದನ್ನು ಬೆಳೆಸುವುದು ಬೇಡ.

ಒಂದು ಕೃತಿ ಅಳಿಯದೆ ಉಳಿಯುವುದು ಹೇಗೆಂದು ಯೋಚಿಸುತ್ತ ನನ್ನ ಮನಸ್ಸು ತೋಟದಿಂದ ನೇರವಾಗಿ ಲಕ್ಕುಂಡಿಗೆ ಹಾರಿತು. ಹತ್ತನೆಯ ಶತಮಾನದ ಆ ಮಹಾಸಾಧ್ವಿ, ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿಗಳಾಗಿ ಬರೆಯಿಸಿ ಹಂಚಿದಳೆಂಬುದನ್ನು ನಾವು ಶಾಲೆಯಲ್ಲಿ ಬಾಯಿಪಾಠಮಾಡಿ, ಪರೀಕ್ಷೆಯ ಮರುದಿನ ಮರೆತುಬಿಟ್ಟಿದ್ದೇವೆ. ಅವಳು ಲಕ್ಕುಂಡಿಯಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವನ್ನು ನೋಡಲು ಪ್ರವಾಸಿಗರು ಈಗಲೂ ಹೋಗುವರು. ಆ ಕಲ್ಲುಕೆಲಸಕ್ಕೆ ಯಾರಾದರೂ ತಲೆದೂಗಲೇಬೇಕು. ಆದರೆ ನನ್ನ ಎಣಿಕೆಯಲ್ಲಿ ಆ ಬಸದಿಗಿಂತಲೂ ಆ ಸಾವಿರ ಓಲೆಯ ಕಟ್ಟುಗಳೇ ಹಿರಿದಾದುವು. ಸಾವಿರ ಪ್ರತಿ ಎಂದರೇನೆಂಬುದನ್ನು ಸ್ವಲ್ಪ ಯೋಚಿಸಿ ನೋಡಬೇಕು. ಅಚ್ಚಿನ ಯಂತ್ರದ ಕನಸೂ ಇಲ್ಲದ ಕಾಲ. ಒಂದೊಂದು ಓಲೆಯನ್ನೂ ಹದಮಾಡಿ, ಒಂದೊಂದು ಅಕ್ಷರವನ್ನೂ ಕಂಟದಿಂದ ಕೊರೆದು, ಮಸಿ ತೀಡಿ, ದಾರ ಪೋಣಿಸಿ ಕಟ್ಟುವ ಲಿಪಿಕಾರರ ಎಷ್ಟು ಜೊತೆ ಕಣ್ಣುಗಳು ಅಲ್ಲಿ ಸೋತಿರಬೇಕು! ಆ ಕಾವ್ಯವನ್ನು ಬರೆಯಿಸಿದವರು ಅವಳ ತಂದೆ ಮಲ್ಲಪನೂ ಅವನ ಸೋದರ ಪುನ್ನಮಯ್ಯನೂ. ಹಿರಿಯರು ಕಾವ್ಯವನ್ನು ಹುಟ್ಟಿಸಿದರು. ಮಗಳು ಅದಕ್ಕೆ ಸಾವು ಬಾರದಂತೆ ಮಾಡಿದಳು. ಅದೇ ಪೊನ್ನನ ಭುವನೈಕರಾಮಾಭ್ಯುದಯಕ್ಕೆ ಅಂಥ ಮಗಳೊಬ್ಬಳು ದೊರೆಯಲಿಲ್ಲ. ಅದಿಂದು ಹೆಸರಷ್ಟೇ. ಒಂದನೆಯ ಗುಣವರ್ಮನ ಶೂದ್ರಕವೂ ಹರಿವಂಶವೂ ಇತರರು ಎತ್ತಿಕೊಂಡ ಬಿಡಿಪದ್ಯಗಳ ರೂಪದಲ್ಲಿ ಮಾತ್ರ ಉಳಿದಿವೆ. ಕವಿರಾಜಮಾರ್ಗವು ಹೆಸರಿಸುವ ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರೆಂಬ ಗದ್ಯಕಾರರ ಒಂದು ವಾಕ್ಯವನ್ನಾದರೂ ಕೇಳುವ ಪುಣ್ಯ ನಮಗಿಲ್ಲ. ನಾನು ಬರೆಯುವ ಗದ್ಯಕ್ಕೆ ಮುತ್ತಾತಂದಿರಾದವರು ಹೇಗೆ ಮಾತನಾಡುತ್ತಿದ್ದರೆಂಬುದೇ ನನಗೆ ತಿಳಿಯದೆಂಬ ಈ ದುಃಖ ನನ್ನನ್ನು ಎಷ್ಟೋ ರಾತ್ರಿ ಎಚ್ಚರವಾಗಿರಿಸಿದೆ. ಅವರಲ್ಲಿ ಒಬ್ಬೊಬ್ಬನದಾಗಿ ಹತ್ತು ಪ್ರತಿಗಳು, ಹತ್ತು ಬೇರೆಬೇರೆ ಊರಿನ ಅಟ್ಟಗಳಲ್ಲಿ ಇದ್ದಿದ್ದರೆ ಸಾಕಾಗಿದ್ದಿತು. ಒಂದನ್ನು ಗೆದ್ದಲು ತಿಂದರೂ ಇನ್ನೊಂದು ಹೊಗೆಯಾಡುವ ಅಡಿಗೆಮನೆಯ ಮೇಲೆ ಹುಳು ಹತ್ತದೆ ಬದುಕಿರುತ್ತಿದ್ದಿತು.

ಹಾಗೆಂದು ಚಿತ್ರಗಳನ್ನು ಒಂದೆಡೆ ಕಾಪಿಡುವ ಭಂಡಾರ ಬೇಡವೆಂದು ನಾನೆಂದೂ ಹೇಳೆನು. ೧೯೬೪ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವೂ, ಅದಕ್ಕಾಗಿ ತಮ್ಮ ಬಾಳನ್ನೇ ತೆತ್ತ ಪಿ. ಕೆ. ನಾಯರ್ ಅವರೂ ಇಲ್ಲದಿದ್ದರೆ ಫಾಲ್ಕೆಯವರ ಚಿತ್ರಗಳ ತುಣುಕುಗಳೂ ನಮಗೆ ಉಳಿಯುತ್ತಿರಲಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ ಮೂಲ ನೆಗೆಟಿವ್ ಆ ಸಂಗ್ರಹಾಲಯದಲ್ಲಿ ಉಳಿದಿದ್ದುದರಿಂದಲೇ ಅದು ಇಟಲಿಯ ಬೊಲೋನ್ಯಾದಲ್ಲಿ ಜೀರ್ಣೋದ್ಧಾರಗೊಂಡು ೨೦೨೪ರಲ್ಲಿ ವೆನಿಸ್ ಉತ್ಸವದ ತೆರೆಯ ಮೇಲೆ ಮತ್ತೆ ಮೂಡಿತು, ಆ ಸುದ್ದಿಯನ್ನೋದಿದ ದಿನ ನಮ್ಮ ಮನೆಯಲ್ಲಿ ಪಾಯಸ ಮಾಡಿಸಿದೆ. ಆದರೆ ಅದೇ ಪುಣೆಯಲ್ಲಿ ೨೦೦೩ರಲ್ಲಿ ಬೆಂಕಿ ಬಿದ್ದು, ಸುಲಭವಾಗಿ ಹೊತ್ತಿಕೊಳ್ಳುವ ಹಳೆಯ ನೈಟ್ರೇಟ್ ಸುರುಳಿಗಳ ದೊಡ್ಡದೊಂದು ರಾಶಿ ಬೂದಿಯಾದುದನ್ನೂ ಮರೆಯಲಾಗದು. ಒಂದೇ ಕಣಜದಲ್ಲಿಟ್ಟುದಕ್ಕೆ ಒಂದೇ ಕಿಡಿ ಸಾಕು.

ಈ ಕಾರಣದಿಂದಲೇ ಒಂದು ಊಟದ ಬೆಲೆಗೆ ಒಂದು ಚಿತ್ರವು ಕೈಗೆ ಬರುತ್ತಿದ್ದ ಆ ಕೆಲವು ವರ್ಷಗಳನ್ನು ನಾನು ಕನ್ನಡ ಚಿತ್ರಗಳ ಪಾಲಿನ ಸುಭಿಕ್ಷಕಾಲವೆಂದು ಎಣಿಸುತ್ತೇನೆ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಬಾಳೆಹಣ್ಣಿನ ಗೊನೆಯ ಪಕ್ಕದಲ್ಲಿ ರಾಜ್‌ಕುಮಾರರ ಚಿತ್ರಗಳು ತೂಗುತ್ತಿದ್ದುವು. ಶಂಕರ್‌ನಾಗರು ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ ಧಾರಾವಾಹಿಯೂ ಡಿವಿಡಿಯ ಪೆಟ್ಟಿಗೆಯಾಗಿ ಮನೆಗೆ ಬಂದಿತು. ಕೊಂಡವರಾರೂ ತಾವು ಅತ್ತಿಮಬ್ಬೆಯ ಕೆಲಸವನ್ನು ಮಾಡುತ್ತಿದ್ದೇವೆಂದು ಭಾವಿಸಲಿಲ್ಲ, ಆದರೂ ಮಾಡಿದರು. ಈಗ ಆ ಮನೆಗಳಲ್ಲಿ ಆಡಿಸುವ ಯಂತ್ರ ಕೆಟ್ಟು ಮೂಲೆ ಸೇರಿರುವುದರಿಂದ ಬಿಲ್ಲೆಗಳು ಗುಜರಿಯವನ ಚೀಲಕ್ಕೂ ಸೀಬೆಯ ಮರಕ್ಕೂ ಹೋಗುತ್ತಿವೆ. ಕಪಾಟಿನಲ್ಲಿ ಇಂಥದೊಂದು ಕಂತೆಯುಳ್ಳವರು ಅದನ್ನು ಎಸೆಯುವ ಮುನ್ನ, ಓಡುವ ಯಂತ್ರವಿರುವ ಯಾರಿಗಾದರೂ ಕೊಟ್ಟರೆ ನಾನು ಅವರ ಕೈ ಹಿಡಿದು ವಂದಿಸುವೆನು. ಓಲೆ ಶಿಥಿಲವಾಗುವ ಮುನ್ನ ಹೊಸ ಓಲೆಗೆ ಇಳಿಸಿಕೊಳ್ಳುತ್ತಿದ್ದ ಲಿಪಿಕಾರನ ಹಾಗೆ, ಒಂದು ಬಿಲ್ಲೆಯು ಓದಿಸಿಕೊಳ್ಳುತ್ತಿರುವಾಗಲೇ ಅದರ ಪ್ರತಿಯನ್ನು ತೆಗೆದಿಡತಕ್ಕದ್ದು.

ಕನ್ನಡದ ಮೊದಲ ವಾಕ್ಚಿತ್ರಕ್ಕೆ ಈ ಭಾಗ್ಯವಾವುದೂ ಒದಗಲಿಲ್ಲ. ೧೯೩೪ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ತೆರೆ ಕಂಡ, ವೈ. ವಿ. ರಾವ್ ನಿರ್ದೇಶಿಸಿದ ‘ಸತೀ ಸುಲೋಚನಾ’ದ ಪ್ರತಿಯೊಂದೂ ಇಂದು ಉಳಿದಿಲ್ಲ. ಸುಬ್ಬಯ್ಯನಾಯ್ಡು ಅವರ ಇಂದ್ರಜಿತುವಿನ ಗರ್ಜನೆ, ತ್ರಿಪುರಾಂಬೆಯ ವಿಲಾಪ, ನಾಗೇಂದ್ರರಾಯರ ರಾವಣನ ಠೀವಿ, ಎಲ್ಲವೂ ಚಿತ್ರೀಕರಣ ನಡೆದ ಕೊಲ್ಹಾಪುರದಲ್ಲಿ ಸೆರೆಸಿಕ್ಕಿ ಮತ್ತೆಲ್ಲಿಯೋ ತಪ್ಪಿಸಿಕೊಂಡುಹೋದುವು. ಹಳೆಯ ಚಿತ್ರಗಳ ವಿಷಯದಲ್ಲಿ ಎಷ್ಟೋ ಸಲ ಚಿತ್ರಕ್ಕಿಂತಲೂ ಚಿರಾಯುವಾದುದು ಚಿತ್ರಮಂದಿರದ ಬಾಗಿಲಲ್ಲಿ ಕೆಲವು ಕಾಸಿಗೆ ಮಾರುತ್ತಿದ್ದ ಹಾಡಿನ ಪುಸ್ತಕ. ಅಗ್ಗದ ಕಾಗದದ ಆ ತೆಳು ಹೊತ್ತಗೆಯ ಮೊದಲಲ್ಲಿ ಕಥಾಸಾರಾಂಶವೊಂದಿರುತ್ತಿದ್ದಿತು. ನಾಯಿಕೆಯು ದಿಕ್ಕುಗೆಟ್ಟು ನಿಂತಲ್ಲಿಗೆ ಅದನ್ನು ತಟ್ಟನೆ ನಿಲ್ಲಿಸಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆಯೇ ನೋಡಿ ಆನಂದಿಸಬೇಕೆಂದು ವಿನಂತಿಸಿಕೊಳ್ಳುವುದು ಆ ಬರೆಹದ ಸಂಪ್ರದಾಯ. ಇವನ್ನು ಬರೆದವರು ಯಾರೋ, ಹೆಸರಿಲ್ಲ. ಆದರೆ ಎಲ್ಲಿ ನಿಲ್ಲಿಸಿದರೆ ಓದುಗನು ಟಿಕೆಟ್ಟಿನ ಕಿಂಡಿಯ ಕಡೆಗೆ ಕೈ ಚಾಚುವನೆಂಬುದನ್ನು ಅವರು ಬಲ್ಲವರಾಗಿದ್ದರು. ಈ ಕಲೆಯನ್ನು ಅವರು ನಮ್ಮ ಹರಿಕಥೆಯ ದಾಸರಿಂದ ಕಲಿತಿರಬೇಕೆಂಬುದು ನನ್ನ ಊಹೆ. ಏಕೆಂದರೆ ನಮ್ಮೂರಿನ ರಾಮನವಮಿಯ ಚಪ್ಪರದಲ್ಲಿ ದಾಸರು ಹನುಮಂತನನ್ನು ಮಹೇಂದ್ರಪರ್ವತದ ಮೇಲೇರಿಸಿ, ಮೈಯುಬ್ಬಿಸಿ, ಕಾಲನ್ನು ಬಂಡೆಗೆ ಊರಿಸಿ, ಇನ್ನೇನು ಹಾರಬೇಕೆನ್ನುವಷ್ಟರಲ್ಲಿ ಚಿಟಿಕೆಯನ್ನು ಕೆಳಗಿಟ್ಟು, ಮಂಗಳಾರತಿಯ ತಟ್ಟೆಯನ್ನು ಸಭೆಯೊಳಕ್ಕೆ ಕಳುಹಿಸುತ್ತಿದ್ದರು. ಆ ತಟ್ಟೆ ಕಡೆಯ ಸಾಲನ್ನು ಮುಟ್ಟಿ ತಿರುಗಿ ಬರುವವರೆಗೆ ಸಮುದ್ರವು ಕಾದಿರುತ್ತಿದ್ದಿತು.